ತುಳಿಯದೆ ಬಿಟ್ಟ ಜಾಗ

"ಕಾಲು ತಗೀರಿ ಗೌಡ್ರ. ನಮ್ಮ ಮನಿ ಮ್ಯಾಲ ನಿಂತೀರಿ."

ಕವಿತಾ ತಲೆ ಎತ್ತದೆ ಅಂದಳು. ಅವಳ ಬೆರಳ ಸಂದಿನಿಂದ ರಂಗೋಲಿ ಪುಡಿ ಸಣ್ಣ ಗೆರೆಯಾಗಿ ಇಳಿಯುತ್ತಿತ್ತು. ಶರಣಬಸಪ್ಪ ಗೌಡ ಕೆಳಗೆ ನೋಡಿದ. ಅವನ ಚಪ್ಪಲಿಯ ಅಡಿಯಲ್ಲಿ ಒಂದು ಚೌಕದ ಮನೆ ಅರ್ಧ ಅಳಿಸಿಹೋಗಿತ್ತು.

"ನಿಮ್ಮ ಮನೀನೇನು ಹೊತ್ಕೊಂಡು ಹೋಗೂದಿಲ್ಲ ಬಿಡವ್ವ," ಎಂದು ನಕ್ಕು ಆತ ಕಾಲು ತೆಗೆದ.

"ಮನಿ ಹೊರಾಕ ಆಗೂದಿಲ್ರಿ. ಮನ್ಯಾಗಿನ ಮನಿಷ್ಯಾನ್ನ ಹೊತ್ಕೊಂಡು ಹೋಗಾಕ ಆಗತೈತಿ."

ಸಾಲಿ ಅಂಗಳದಲ್ಲಿ ಕೂತಿದ್ದ ಇನ್ನೂರು ಜನ ಗೌಡನ ಕಡೆ ತಿರುಗಿದರು.

ಹುಡುಗಿಯ ಅಪ್ಪ ಗಾಳೆಪ್ಪ ನಮ್ಮ ಹುಣಸಿಗೇರಾ ಪಂಚಾಯಿತಿಯ ನೀರು ಬಿಡುವ ಆಳು. ಅವನು ಕಾಣೆಯಾಗಿ ಅಂದಿಗೆ ಒಂಬತ್ತು ದಿನ.

ಎರಡು ಸಾವಿರದ ಹದಿನಾರನೆಯ ಇಸವಿ, ಜನವರಿ. ಪಂಚಾಯಿತಿಯವರು ಮುಂದಿನ ಐದು ವರ್ಷ ಯಾವ ಕೆಲಸ ಮೊದಲು ಮಾಡಬೇಕು, ಯಾವುದು ಆಮೇಲೆ, ಅಂತ ಊರವರನ್ನೇ ಕೇಳುವ ಗ್ರಾಮಸಭೆ ಅದು. ಮೊದಲಿನ ಸಭೆಗಳಲ್ಲಿ ಕಾರ್ಯದರ್ಶಿ ಓದುತ್ತಿದ್ದ, ಜನ ಗೋಣು ಹಾಕುತ್ತಿದ್ದರು, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಈ ಸಲ ಹೊಸ ರೀತಿ ಬಂದಿತ್ತು. ನೆಲದ ಮೇಲೆ ಇಡೀ ಊರನ್ನು ರಂಗೋಲಿಯಲ್ಲಿ ಬರೆಯಬೇಕು. ಓಣಿಗೆ ಬಿಳಿ ಪುಡಿ, ಮನೆಗೆ ಅರಿಶಿನ, ಗಟಾರಕ್ಕೆ ಇದ್ದಿಲು, ಫ್ಲೋರೈಡ್ ಇದ್ದು ಕುಡಿಯಲು ಬಾರದ ಬೋರಿಗೆ ಇಟ್ಟಿಗೆ ಪುಡಿ. ಓದು ಬಾರದವರೂ ನೋಡಿ ಮಾತಾಡಲಿ ಅಂತ.

ಕವಿತಾ ಕೊಪ್ಪಳದ ಕಾಲೇಜಿಗೆ ಹೋಗುವ ಹುಡುಗಿ. ರಂಗೋಲಿಯಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಇಲ್ಲ. ಬರೆಯೋದಿಲ್ಲ ಅಂತ ಮೊದಲು ಕೂತಿದ್ದಳಂತೆ. ಆಮೇಲೆ ತಾನೇ ಎದ್ದು ಬಂದಳು. ಅಪ್ಪ ನೀರು ಬಿಡುತ್ತಿದ್ದ ಒಂದೊಂದು ನಳವನ್ನೂ ಗುರುತು ಮಾಡಿದ್ದಳು.

"ಗಾಳೆಪ್ಪ ಇಲ್ಲಿ ಏನು ಹೇಳಬೇಕಂತಿದ್ದ, ಯಜಮಾನ್ರ?" ಎಂದು ನನ್ನ ಪಕ್ಕದಲ್ಲಿ ಕೂತಿದ್ದ ಸುರೇಖಾ ಮೆಲ್ಲಗೆ ಕೇಳಿದರು. ಕೊಪ್ಪಳದಿಂದ ಬಂದ ಪಿಎಸ್‌ಐ. ಖಾಕಿ ಬಿಟ್ಟು ಸೀರೆ ಉಟ್ಟಿದ್ದರು, ಆದರೂ ಅವರ ಸುತ್ತ ನಾಲ್ಕು ಮೊಳ ಜಾಗ ಬಿಟ್ಟೇ ಜನ ಕೂತಿದ್ದರು.

"ವಾರ್ಡ್ ಸಭ್ಯಾಗ ಎದ್ದು ನಿಂತು ಅಂದಿದ್ನಂತ್ರಿ: 'ಕೆಂಪು ಬಣ್ಣ ಹಚ್ಚಿ ಬಂದ್ ಮಾಡಿದ ಬೋರಿನ ನೀರು ಯಾವ ಓಣಿಗೆ ಹೊಂಟೈತಿ, ಅದನ್ನ ಬಿಡು ಅಂತ ನನಗ ಯಾರು ಹೇಳ್ತಾರ, ಎಲ್ಲಾ ಗ್ರಾಮಸಭ್ಯಾಗ ಹೇಳ್ತೀನಿ. ಈ ಐದು ವರ್ಷದಾಗ ಹೊಳಿ ನೀರಿನ ಪೈಪು ಬರಲಿಲ್ಲಂದ್ರ ನಮ್ಮ ಹುಡುಗೂರ ಕಾಲು ಡೊಂಕ ಆಗೂದು ನಿಲ್ಲೂದಿಲ್ಲ.' ಅವತ್ತ ಸಂಜಿಕ ನೀರಿನ ವಾಲ್ ಬಂದ್ ಮಾಡಿ ಬರ್ತೀನಂತ ಹೋದಾಂವ."

"ಹೇಳೂದು ಯಾರು?"

ನಾನು ವೇದಿಕೆಯ ಕಡೆ ನೋಡಿದೆ. ಅಧ್ಯಕ್ಷೆ ಲಲಿತಾ ಒಂದು ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ಅವಳ ಕುರ್ಚಿಯಲ್ಲಿ ಗಂಡ ಶರಣಬಸಪ್ಪ ಕೂತಿದ್ದ. ಪಂಚಾಯಿತಿ ಕೆಲಸದ ಗುತ್ತಿಗೆಗಳೆಲ್ಲ ಅವನವೇ. ಊರೆಲ್ಲ ಬೆರಳು ತೋರಿಸುತ್ತಿದ್ದುದು ಅವನ ಕಡೆಗೇ.

ಪಿಡಿಓ ಸಾಹೇಬರು ಮೈಕ್ ಹಿಡಿದು ಓದಿದರು. "ಮೊದಲನೇ ವರ್ಷದ ಮೊದಲನೇ ಕಾಮಗಾರಿ. ಹಳೇ ಚಾವಡಿ ಮುಂದಿನ ಬಯಲಿಗೆ ಕಾಂಕ್ರೀಟ್ ಹಾಕುವುದು."

"ಹಾಕುವುದು ಅಂತೀರಲ್ರಿ, ನಾಳಿ ಮುಂಜಾನಿ ಹಾಕಾಕತ್ತಾರ!" ಹಮೀದಾಬಿ ಎದ್ದಳು. ಮೂರನೇ ವಾರ್ಡಿನ ಸದಸ್ಯೆ, ಬಾಯಿ ಜೋರು. "ಸಭಾ ಆಗೂಕಿಂತ ಮೊದಲ ಖಡಿ ಬಂದು ಬಿದ್ದೈತಿ, ಉಸುಕು ಬಂದು ಬಿದ್ದೈತಿ. ಲಗ್ನ ಇನ್ನೂ ಮಾತಾಡೂದೈತಿ, ಕೂಸಿಗೆ ಹೆಸರಿಡಾಕ ಬಂದಂಗಾತು."

ಜನ ನಕ್ಕರು. ಗೌಡನೂ ನಕ್ಕ.

"ಅಲ್ರಿ, ಇದನ್ನ ಕೇಳಿದವರ್ಯಾರು?"

"ಎರಡನೇ ವಾರ್ಡಿನ ಸಾರ್ವಜನಿಕರು ಕೇಳಿದಾರಮ್ಮ."

"ಸಾರ್ವಜನಿಕರಿಗೆ ಅವ್ವ ಅಪ್ಪ ಹೆಸರಿಟ್ಟಿಲ್ಲೇನ್ರಿ? ಓದ್ರಿ ಹೆಸರು."

ಪಿಡಿಓ ಪುಸ್ತಕದ ಹಾಳೆ ತಿರುವಿದರು. "ದುರಗೇಶ ಅಂತ ಬರೆದಿದೆ. ಆಮೇಲೆ ಆಫೀಸಿಗೂ ಬಂದು ಕೇಳಿದಾರೆ. ಬೇಗ ಮಾಡ್ರಿ ಅಂತ."

ಹೆಂಗಸರ ಸಾಲಿನಲ್ಲಿ ಕೂತಿದ್ದ ಗಾಳೆಪ್ಪನ ಹೆಂಡತಿ ಫಕೀರಮ್ಮ ಕತ್ತು ತಿರುಗಿಸಿ ಹಿಂದೆ ನೋಡಿದಳು. ಅಲ್ಲಿ ಗೋಡೆಗೆ ಆತು ನಿಂತಿದ್ದ ದುರಗೇಶ, ಅವಳ ಒಡಹುಟ್ಟಿದ ತಮ್ಮ.

ಅವನ ಊರು ಹುಲಿಹೈದರ. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು, ನಾಲ್ಕು ವರ್ಷದ ಹಿಂದೆ ಅಕ್ಕನ ಮನೆಗೆ ಬಂದು ನಿಂತವನು. ಭಾವ ಕಾಣೆಯಾದಾಗಿನಿಂದ ಗಾಡಿ ಹತ್ತಿ ತಾವರಗೇರಾ, ಗಂಗಾವತಿ ಎಲ್ಲ ಹುಡುಕಿ ಬಂದಿದ್ದ. ಅಕ್ಕನಿಗೆ ಉಣ್ಣು ಅಂತ ತಾನೇ ತುತ್ತು ಮಾಡಿ ಕೊಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಫಕೀರಮ್ಮ ಎದ್ದು ನಿಂತಳು.

"ಸಾಹೇಬ್ರ, ನನ್ನ ಗಂಡನ್ನ ಹುಡುಕೂ ಕೆಲಸ ಎಷ್ಟನೇ ವರ್ಷದಾಗ ಬರದೀರಿ?"

ಪಿಡಿಓ ಮೈಕ್ ಕೆಳಗಿಟ್ಟರು. ಗೌಡ ಈ ಸಲ ನಗಲಿಲ್ಲ.

"ಅಂವ ಬಂದ ಬರ್ತಾನ ತಂಗಿ, ಎಲ್ಲಿ ಹೋಗ್ಯಾನು," ಅಂದ.

"ಬದುಕಿದ್ರ ಬರ್ತಾನ. ಸತ್ತಿದ್ರ ಹೆಣಾನರ ಕೊಡ್ರಿ. ಮಣ್ಣು ಮಾಡಿ, ಕುಂಕುಮ ಅಳಿಸ್ಕೊಂಡು ಕುಂದ್ರತೀನಿ. ಇತ್ಲಾಗೂ ಅಲ್ಲ ಅತ್ಲಾಗೂ ಅಲ್ಲ, ಹಿಂಗ ಎಷ್ಟ್ ದಿನ ಕುಂದ್ರಲಿ?"

ಪಿಡಿಓ ಹುಣಸೆಬೀಜದ ಬುಟ್ಟಿ ತರಿಸಿದರು.

ಬೀಜ ಹಾಕುವ ಸರದಿ ಬಂತು. ಒಬ್ಬೊಬ್ಬರ ಕೈಗೆ ಮೂರು ಮೂರು ಹುಣಸೆಬೀಜ. ನಕ್ಷೆಯ ಆಚೆ ತುದಿಯಲ್ಲಿ ಐದು ಬೋಗುಣಿ ಇಟ್ಟು, ಮುಂದೆ ಚಿತ್ರ ಇಟ್ಟಿದ್ದರು: ನಳ, ರಸ್ತೆ, ಗಟಾರ, ಸಾಲಿ, ಕಾಂಕ್ರೀಟು. ಯಾವುದು ಬೇಕೋ ಅದರಲ್ಲಿ ಬೀಜ ಹಾಕಬೇಕು. ದೊಡ್ಡ ಓಣಿಯ ಬಿಳಿ ಗೆರೆಗಳ ನಡುವೆ ನಡೆದು, ಚಾವಡಿ ಬಯಲು ದಾಟಿದರೆ ಬೋಗುಣಿಗಳು.

ನಾನು ಮೂವತ್ತೆರಡು ವರ್ಷ ಈ ಊರಿನ ವಾಲಿಕಾರ. ಡಂಗುರ ಸಾರುವುದು, ಸಭೆಗೆ ಜಮಖಾನೆ ಹಾಸುವುದು, ಆಮೇಲೆ ಬಾಗಿಲ ಹತ್ತಿರ ಕೂರುವುದು. ಬಾಗಿಲಲ್ಲಿ ಕೂತವನಿಗೆ ಮೊದಲು ಕಾಣುವುದು ಜನರ ಕಾಲು.

ಗೌಡ ಮೊದಲು ಹೋದ. ಚಪ್ಪಲಿ ತೆಗೆಯಲಿಲ್ಲ. ನೆಟ್ಟಗೆ ಓಣಿ ಹಿಡಿದು, ಚಾವಡಿ ಬಯಲನ್ನು ನಟ್ಟನಡುವೆ ತುಳಿದು, ಮೂರೂ ಬೀಜ ಕಾಂಕ್ರೀಟಿಗೆ ಹಾಕಿ ಬಂದ.

ಅವನ ಹಿಂದೆ ಹಮೀದಾಬಿಯ ಅತ್ತೆ ಸರ್ದಾರಬೀ ಹೋದಳು. ಎಪ್ಪತ್ತೈದರ ಮುದುಕಿ. ಬಯಲಿಗೆ ಬಂದವಳು ಸೀರೆ ಎತ್ತಿ ಹಿಡಿದು ಎಡಕ್ಕೆ ಸರಿದಳು. ಏನೂ ಬರೆಯದ ಒಂದು ಮೂಲೆಯನ್ನು ಬಳಸಿ ಹೋಗಿ ಬೀಜ ಹಾಕಿದಳು. ಯಾಕೆ ಬಳಸಿದೆ ಅಂದರೆ ಅವಳಿಗೂ ಗೊತ್ತಿರಲಿಕ್ಕಿಲ್ಲ.

ನನಗೆ ಗೊತ್ತಿತ್ತು.

ಚಾವಡಿ ಮುಂದಿನ ಬಯಲಿನಲ್ಲಿ ಮೊದಲು ಹಗೇವುಗಳಿದ್ದವು. ಜೋಳ ತುಂಬಿಡುವ ನೆಲದೊಳಗಿನ ಕಣಜ. ಮೇಲೆ ಒಂದು ಆಳು ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲವಾದ ಹೊಟ್ಟೆ. ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತಿದರೆ ಮೇಲೆ ಬರೀ ನೆಲ. ಚೀಲ, ಗೋದಾಮು ಬಂದು ಎಷ್ಟೋ ವರ್ಷ ಬಳಕೆ ತಪ್ಪಿದ ಮೇಲೆ ನಾಲ್ಕನ್ನು ಮಣ್ಣು ಹಾಕಿ ತುಂಬಿದರು. ಐದನೆಯದನ್ನು ತುಂಬಲಿಲ್ಲ, ಬಂಡೆ ಮುಚ್ಚಿ ಬಿಟ್ಟರು. ನಾನೇ ನಿಂತು ಮುಚ್ಚಿಸಿದ್ದು. ಇಪ್ಪತ್ತೇಳು ವರ್ಷದ ಮಾತು.

ಹಗೇವಿನ ಬಾಯಿ ತುಳಿಯಬಾರದು ಅಂತ ನಮ್ಮ ಕಾಲದಲ್ಲಿ ತಾಯಂದಿರು ಹೊಡೆದು ಕಲಿಸುತ್ತಿದ್ದರು. ಬಂಡೆ ಜರಿದು ಒಳಗೆ ಬಿದ್ದರೆ ಅಲ್ಲಿನ ಕೆಟ್ಟ ಗಾಳಿ ಮನುಷ್ಯನನ್ನು ಮೇಲಕ್ಕೆ ಬಿಡುವುದಿಲ್ಲ. ಈಗ ಅಲ್ಲಿ ಚೆಂಡು ಆಡುವವರಿಗೆ ಅದು ತಿಳಿಯದು. ಅರವತ್ತು ದಾಟಿದವರ ಕಾಲಿಗೆ ಮಾತ್ರ ನೆನಪಿದೆ. ರಂಗೋಲಿಯಲ್ಲಿ ಬರೆದ ಊರಲ್ಲೂ ನೆನಪಿದೆ.

ನಾನು ಸುಮ್ಮನೆ ನೋಡುತ್ತ ಕೂತೆ. ಹರೆಯದವರು ನೆಟ್ಟಗೆ ಹೋದರು. ಮಧ್ಯವಯಸ್ಸಿನವರೂ ನೆಟ್ಟಗೆ ಹೋದರು. ಆ ಮೂಲೆ ಬಳಸಿದವರು ಎಂಟು ಜನ, ಎಲ್ಲರೂ ಮುದುಕರು.

ಒಂಬತ್ತನೆಯವನು ದುರಗೇಶ.

ಅವನು ಅವಸರದಲ್ಲಿದ್ದ. ದುರುಗವ್ವನ ಗುಡಿ ಅಂತ ಬರೆದ ಮೂಲೆಯನ್ನೇ ತುಳಿದ. ಅಕ್ಕನ ಮನೆಯ ಅರಿಶಿನದ ಚೌಕ ತುಳಿದ. ಬಯಲಿಗೆ ಬಂದವನ ಹೆಜ್ಜೆ ಅಲ್ಲೇ ತಡೆಯಿತು. ಎಡಕ್ಕೆ ಸರಿದು, ಆ ಬರೀ ನೆಲವನ್ನು ದೂರದಿಂದ ಬಳಸಿ ಹೋದ.

ನಾನು ಸುರೇಖಾ ಕಡೆ ವಾಲಿ ನಾಲ್ಕು ಮಾತು ಹೇಳಿದೆ. ಅವರು ಪೂರ್ತಿ ಕೇಳಿದರು.

"ನೀವ ಮಾತಾಡಿಸ್ರಿ. ನಾ ಇಲ್ಲೇ ಇರ್ತೀನಿ," ಅಂದರು.

ದುರಗೇಶ ಬೇವಿನ ಗಿಡದ ಕೆಳಗೆ ಗಾಡಿಯ ಹತ್ತಿರ ನಿಂತಿದ್ದ.

"ಪಾಳಿಗೆ ಹೊಂಟೇನು ತಮ್ಮಾ?"

"ಹೌದ್ರಿ ಕಾಕಾ. ಎರಡನೇ ಪಾಳಿ ಐತಿ."

"ಬೀಜ ಯಾವುದಕ್ಕ ಹಾಕಿದಿ?"

"ಕಾಂಕ್ರೀಟಿಗೆ. ಯಾಕ್ರಿ?"

"ನಿಮ್ಮ ಭಾವ ಹೊಳಿ ನೀರು ಬೇಕಂತ ಬಡಕೊಂಡ. ನೀ ಕಾಂಕ್ರೀಟು ಬೇಕಂತಿ."

"ನೀರು ಬರೂದು ಯಾವ ಕಾಲಕ್ಕೋ. ಕಾಂಕ್ರೀಟಾದ್ರ ರಾಶಿ ಮಾಡಾಕ ಬರತೈತಿ."

"ನಿಂದು ಹೊಲ ಎಲ್ಲೈತೋ ಇಲ್ಲಿ, ರಾಶಿ ಮಾಡಾಕ?"

ಅವನು ಚಾವಿ ತಿರುವುತ್ತ ನಿಂತ. ನಾನು ಬಿಡಲಿಲ್ಲ.

"ನಕ್ಷಿ ಮ್ಯಾಲ ಹೋಗುವಾಗ ಒಂದು ಕಡೆ ಸುತ್ತು ಹಾಕಿ ಹೋದಿ. ಯಾಕ?"

"ರಂಗೋಲಿ ತುಳೀಬಾರದು ಅಂತ."

"ಗುಡಿ ತುಳಿದಿ. ನಿಮ್ಮಕ್ಕನ ಮನಿ ತುಳಿದಿ. ಅಲ್ಲಿ ರಂಗೋಲಿನ ಇರಲಿಲ್ಲ, ಬರೇ ನೆಲ ಇತ್ತು. ಅದನ್ನ ಯಾಕ ಬಿಟ್ಟಿ?"

ದೂರದಲ್ಲಿ ಬೋಗುಣಿ ಸುರಿದು ಬೀಜ ಎಣಿಸುವ ಸಪ್ಪಳ ಕೇಳುತ್ತಿತ್ತು. ದುರಗೇಶ ಚಾವಿಯನ್ನು ಗಾಡಿಗೆ ಹಾಕಿದ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

"ಅಲ್ಲಿ ಹಗೇವು ಐತಿ," ಅಂದ.

"ಮುಚ್ಚಿ ಇಪ್ಪತ್ತೇಳು ವರ್ಷ ಆತು. ನಿನ್ನ ವಯಸ್ಸು ಎಷ್ಟಪ್ಪ?"

"ಇಪ್ಪತ್ತೊಂಬತ್ತು."

"ನೀ ಹುಟ್ಟಿ ಬೆಳದದ್ದು ಹುಲಿಹೈದರದಾಗ. ಈ ಊರಾಗಿನ ಹಗೇವು ನಿನಗ ತೋರಿಸಿದವರ್ಯಾರು?"

ಅವನು ಗಾಡಿ ಹತ್ತಿದ. ಕಿಕ್ ಹೊಡೆಯುವ ಮೊದಲು ನನ್ನ ಮುಖ ನೋಡಿದ. ಕಣ್ಣಲ್ಲಿ ನೀರಿತ್ತು.

"ನಮ್ಮಕ್ಕಗ ಕೇಳ್ರಿ ಕಾಕಾ. ಅಲ್ಲಿ ಹಗೇವು ಐತಿ ಅಂತ ನನಗ ಹೇಳಿದಾಕಿ ಆಕೀನ."

ಗಾಡಿ ಹೋಯಿತು. ಸುರೇಖಾ ಒಬ್ಬ ಕಾನ್‌ಸ್ಟೇಬಲ್‌ನನ್ನು ಕಾರ್ಖಾನೆ ಗೇಟಿಗೆ ಕಳಿಸಿದರು.

"ಹಿಡಿಯೂದಿಲ್ಲೇನ್ರಿ?" ಅಂದೆ.

"ಕಾಲು ನೋಡಿ ಯಾರನ್ನೂ ಹಿಡಿಯಾಕ ಬರಂಗಿಲ್ಲ ಯಜಮಾನ್ರ. ಮೊದಲ ನೆಲ ತೆರೀಬೇಕು. ನಾಳಿ ಮುಂಜಾನಿ ಕಾಂಕ್ರೀಟ್ ಬಿತ್ತಂದ್ರ ಆಮ್ಯಾಲ ಅದನ್ನ ಒಡಿಸಾಕ ನಾ ಯಾರ್ಯಾರ ಕಾಲು ಹಿಡೀಬೇಕೋ."

ಬೀಜ ಎಣಿಸಿ ಮುಗಿದಿತ್ತು. ನಳದ ಬೋಗುಣಿ ತುಂಬಿ ನೆಲಕ್ಕೆ ಚೆಲ್ಲಿತ್ತು. ಕಾಂಕ್ರೀಟಿಗೆ ಬಿದ್ದದ್ದು ಹನ್ನೊಂದು ಬೀಜ. ಆದರೂ ಮೊದಲ ವರ್ಷದ ಪಟ್ಟಿ ಕಂಪ್ಯೂಟರಿಗೆ ಹೋಗಿಯಾಗಿದೆ, ಇನ್ನು ತಿದ್ದಲು ಬರುವುದಿಲ್ಲ ಅಂತ ಪಿಡಿಓ ಹೇಳುತ್ತಿದ್ದರು.

"ಹಂಗಾದ್ರ ನಮ್ಮನ್ನ ಯಾಕ ಕರದ್ರಿ? ಹುಣಸಿಬೀಜ ಆರಿಸಾಕ?" ಅಂತ ಹಮೀದಾಬಿ ಕೂಗುತ್ತಿದ್ದಳು.

ನಾನು ಕವಿತಾಳ ಹತ್ತಿರ ಹೋದೆ. ಗೌಡ ಅಳಿಸಿದ್ದ ಮನೆಯನ್ನು ಅವಳು ಮತ್ತೆ ಬರೆದಿದ್ದಳು.

"ನೀ ಮನಿಗೆ ಹೋಗವ್ವ. ಚಾವಡಿ ಕಡೆ ಬರಬ್ಯಾಡ."

ಅವಳು ನನ್ನ ಮುಖ ನೋಡಿದಳು. ಪುಡಿಯ ಡಬ್ಬಿ ಮುಚ್ಚಿಟ್ಟು ಮನೆಯ ಕಡೆ ನಡೆದಳು.

ಚಾವಡಿ ಬಯಲಿನಲ್ಲಿ ಖಡಿ ರಾಶಿಯ ಮೇಲೆ ಗಿಣಿಗೇರಾ ಕಾರ್ಖಾನೆಯ ಕರಿ ಧೂಳು ತೆಳ್ಳಗೆ ಕೂತಿತ್ತು. ಇಡೀ ಊರೇ ಹಿಂದೆ ಬಂದಿತ್ತು. ಗೌಡ ಅಡ್ಡ ಬಂದ.

"ಮೇಡಮ್ರ, ಇದು ಪಂಚಾಯಿತಿ ಜಾಗ. ಕಾಗದ ಐತೇನು?"

"ತಾಲೂಕಿಂದ ಸಾಹೇಬ್ರು ಹೊಂಟಾರ, ಕಾಗದ ಅವರ ಕೈಯಾಗ ಐತಿ. ಅವರು ಬರೂತನಕ ನೀವು ಈ ಉಸುಕಿನ ಮ್ಯಾಲ ಕುಂತಿರ್ರಿ ಗೌಡ್ರ. ಎಲ್ಲೂ ಹೋಗಬ್ಯಾಡ್ರಿ."

ಆತ ಕೂತ. ಅಂಜಿದವನ ಹಾಗೆ ಕಾಣಲಿಲ್ಲ. ಏನು ನಡೆದಿದೆ ಅಂತ ತಿಳಿಯದವನ ಹಾಗೆ ಕಂಡ. ಅದು ನನಗೆ ಸರಿ ಅನಿಸಲಿಲ್ಲ.

ತಹಶೀಲ್ದಾರರು ಬಂದ ಮೇಲೆ ಅಗೆತ ಶುರುವಾಯಿತು. ನಾನು ಜಾಗ ತೋರಿಸಿದೆ. ಚಾವಡಿ ಕಟ್ಟೆಯ ಮೂಲೆಯಿಂದ ಹದಿನಾಲ್ಕು ಹೆಜ್ಜೆ. ಹಳೇ ಮೆತ್ತಿಗೆಯಾದರೆ ಹಾರೆಗೂ ಬಗ್ಗುವುದಿಲ್ಲ. ಇದು ಸಲಿಕೆಯ ಮೊದಲ ಪೆಟ್ಟಿಗೇ ಹಸಿ ಬೆಲ್ಲದ ಹಾಗೆ ಎದ್ದು ಬಂತು.

ಬಂಡೆ ಸರಿಸಿದಾಗ ಬಂದ ವಾಸನೆಗೆ ಜನ ಹಿಂದೆ ಸರಿದರು. ಯಾರೂ ಇಳಿಯಬೇಡಿ ಅಂದೆ. ಕಂದೀಲು ಹಚ್ಚಿ ಹಗ್ಗ ಕಟ್ಟಿ ಬಿಟ್ಟೆವು. ಎರಡು ಆಳುದ್ದ ಇಳಿಯುವುದರೊಳಗೆ ಆರಿತು. ಗಾಳಿಗೆ ಬಿಟ್ಟು ಕಾದೆವು. ಎರಡನೇ ಸಲವೂ ಆರಿತು. ಮೂರನೇ ಸಲ ತಳ ಮುಟ್ಟಿದರೂ ಉರಿಯುತ್ತಿತ್ತು.

ಅಷ್ಟರಲ್ಲಿ ಸುರೇಖಾಗೆ ಫೋನು ಬಂತು. ಕೇಳಿ, ನನಗೆ ಮಾತ್ರ ಕೇಳುವ ಹಾಗೆ ಅಂದರು: "ದುರಗೇಶ ಗೇಟಿಗೆ ಬಂದೇ ಇಲ್ಲಂತ."

ಇಬ್ಬರು ಪೊಲೀಸರು ಮೂಗಿಗೆ ಬಟ್ಟೆ ಕಟ್ಟಿ ಇಳಿದರು. ನೀಲಿ ತಾಡಪಾಲಿನಲ್ಲಿ ಸುತ್ತಿದ್ದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದರು. ಬಿಚ್ಚಿದಾಗ ಮುಖ ಯಾರದು ಅಂತ ಹೇಳುವ ಹಾಗಿರಲಿಲ್ಲ. ಮೈಮೇಲೆ ಅಂಗಿ ಇರಲಿಲ್ಲ. ಲುಂಗಿ ಒಂದೇ.

ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಎಡಗಾಲಿನಲ್ಲಿ ಕೊನೆಯ ಎರಡು ಬೆರಳು ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ನೀರಿನ ಟಾಕಿಯ ಕಬ್ಬಿಣದ ಮುಚ್ಚಳ ಬಿದ್ದು ಜಜ್ಜಿಹೋದ ಬೆರಳು. ಅವನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಕೊಪ್ಪಳದ ದವಾಖಾನೆಗೆ ಒಯ್ದವನು ನಾನು. ದಾರಿಯುದ್ದಕ್ಕೂ ಅವನ ರಕ್ತ ನನ್ನ ಧೋತರದ ಮೇಲೆ ಬಿದ್ದಿತ್ತು.

ಗಾಳೆಪ್ಪ.

ಫಕೀರಮ್ಮನನ್ನು ಕರೆದರು. ಜನ ದಾರಿ ಬಿಟ್ಟರು. ಬಂದು ನಿಂತಳು. ನೋಡಿದಳು. ಅವಳ ಕಣ್ಣೂ ಆ ಕಾಲಿನ ಮೇಲೆ ಹೋಗಿ ನಿಂತದ್ದನ್ನು ಕಂಡೆ. ಬಹಳ ಹೊತ್ತು ನಿಂತಿತ್ತು.

"ನೋಡಿ ಹೇಳವ್ವ," ಅಂದರು ಸುರೇಖಾ.

"ಇಂವ ನನ್ನ ಗಂಡ ಅಲ್ಲ."

ಹೆಂಗಸರಲ್ಲಿ ಒಂದು ಉಸಿರು ಎದ್ದು ಅಡಗಿತು.

"ಸರೀ ನೋಡು. ಅವಸರ ಇಲ್ಲ."

"ಅಲ್ಲಂದ್ರ ಅಲ್ರಿ. ಹದಿನೆಂಟು ವರ್ಷ ಬಾಳೆ ಮಾಡೀನಿ. ನನಗ ಗೊತ್ತಿಲ್ಲೇನು?"

ಒಂಬತ್ತು ದಿನ ಹೆಣವನ್ನಾದರೂ ಕೊಡಿ ಅಂತ ಕಂಡಕಂಡವರ ಕಾಲಿಗೆ ಬಿದ್ದವಳು. ಈಗ ಒಂದು ಹನಿ ಕಣ್ಣೀರಿಲ್ಲದೆ ನಿಂತಿದ್ದಳು. ದುರಗೇಶ ಗಾಡಿ ಹತ್ತುವಾಗ ಹೇಳಿದ ಮಾತು ನನ್ನ ತಲೆಯಲ್ಲಿ ತಿರುಗಿತು. ಇವಳೂ ಅವನ ಜೋಡಿಯೇ ಅನ್ನುವ ಸಂಶಯ ಬಂತು.

ಸುರೇಖಾ ನನ್ನ ಕಡೆ ತಿರುಗಿದರು. "ಯಜಮಾನ್ರ, ನೀವು ಬರ್ರಿ. ಈ ಊರಿನ ಒಂದೊಂದು ಆಳೂ ನಿಮಗ ಗೊತ್ತು."

ನಾನು ಮುಂದೆ ಹೋದೆ. ಫಕೀರಮ್ಮ ಸೆರಗು ಸರಿಮಾಡಿಕೊಳ್ಳುವ ಹಾಗೆ ಬಗ್ಗಿ ನನ್ನ ಪಕ್ಕಕ್ಕೆ ಬಂದಳು. ಅವಳ ತುಟಿ ಅಲ್ಲಾಡಿದ್ದು ಬೇರೆ ಯಾರಿಗೂ ಕಂಡಿರಲಿಕ್ಕಿಲ್ಲ.

"ಅಲ್ಲ ಅನ್ರಿ ಕಾಕಾ. ನಿಮ್ಮ ಕಾಲು ಬೀಳ್ತೀನಿ. ಕವಿತಾ ಮನ್ಯಾಗಿಲ್ಲ. ದುರಗೇಶ ಗಾಡಿ ಮ್ಯಾಲ ಕೂಡ್ರಿಸ್ಕೊಂಡು ಹೋಗ್ಯಾನ. ಈಗ ಫೋನ್ ಮಾಡಿದ್ದ. ಹೆಣಕ್ಕ ಹೆಸರು ಬಿತ್ತಂದ್ರ ಹುಡುಗಿ ತಿರುಗಿ ಬರೂದಿಲ್ಲ ಅಂದಾನ."

ಆ ಹುಡುಗಿಯನ್ನು ಮನೆಗೆ ಕಳಿಸಿದವನು ನಾನು.

ಇದು ನಿಜವೋ, ತಮ್ಮನನ್ನು ಉಳಿಸಲು ಹೆಣೆದ ಮಾತೋ? ಕೇಳಲು ಹೊತ್ತಿರಲಿಲ್ಲ. ತಹಶೀಲ್ದಾರರು ಪೆನ್ನು ತೆಗೆದು ಕೂತಿದ್ದರು. ಉಸುಕಿನ ರಾಶಿಯ ಮೇಲಿಂದ ಗೌಡ ನನ್ನನ್ನೇ ನೋಡುತ್ತಿದ್ದ. ನನ್ನ ಜನ್ಮದಲ್ಲಿ ಪಂಚರ ಮುಂದೆ ನಾನು ಸುಳ್ಳು ಹೇಳಿದವನಲ್ಲ. ಅದು ಊರಿಗೂ ಗೊತ್ತು, ಸುರೇಖಾಗೂ ಗೊತ್ತು.

"ಹೇಳ್ರಿ ಯಜಮಾನ್ರ. ಇಂವ ಗಾಳೆಪ್ಪ ಹೌದೋ ಅಲ್ಲೋ?"

"ಅಲ್ರಿ ಮೇಡಮ್ರ," ಅಂದೆ. "ಈ ಮನಿಷ್ಯಾನ್ನ ನಾ ನೋಡೇ ಇಲ್ಲ."